ಸೂರ್ಯಕಾಂತ ಅಯ್ಯನವರ ಮೂರನೆಯ ಅಂಶ

ಲಕ್ವಾ ಹೊಡೆದು ಆಸ್ಪತ್ರೆ ಸೇರಿದ ಮೇಲೆ ಸೂರ್ಯಕಾಂತ ಅಯ್ಯನವರು ಬಾಯಿ ತೆರೆದದ್ದು ಒಂದು ವಾರ ಕಳೆದ ಮೇಲೆ. ಬಿಪಿ ನೋಡಲು ಬಂದ ನರ್ಸಮ್ಮನನ್ನು ದಿಟ್ಟಿಸಿ ನೋಡಿದರು, ಗಂಟಲು ಸರಿಮಾಡಿಕೊಂಡರು, ಆಮೇಲೆ ಗಂಭೀರವಾಗಿ "ಪ್ರಿಯರೇ" ಎಂದರು. ನರ್ಸಮ್ಮ ಬೆಚ್ಚಿ ಹಿಂದೆ ಸರಿದಳು. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಹೆಂಡತಿ ಶೀಲಮ್ಮ ಅಳಬೇಕೋ ನಗಬೇಕೋ ತಿಳಿಯದೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿಮಗ ಅಂದಿದ್ದಲ್ರೀ ಸಿಸ್ಟರ್," ಎಂದು ಕೊನೆಗೆ ಹೇಳಿದಳು. "ಅವರು ಪಾಸ್ಟರ್ ಇದ್ದಾರ. ಪ್ರಸಂಗ ಹಾಂಗೇ ಸುರು ಮಾಡ್ತಾರ."

ಅಯ್ಯನವರ ಒಳಗೆ ಇಬ್ಬರು ಮನುಷ್ಯರಿದ್ದಾರೆ ಎಂಬುದನ್ನು ಶೀಲಮ್ಮ ಮದುವೆಯಾದ ಹೊಸದರಲ್ಲೇ ಪತ್ತೆಹಚ್ಚಿದ್ದಳು. ಮನೆಯಲ್ಲಿದ್ದವರು ಅಪ್ಪಟ ಕಲಬುರಗಿ ಸೀಮೆಯವರು, "ಚಾ ಆಗ್ಯಾದೇನ?" ಎನ್ನುವವರು, ಬಿಸಿಲು ಹೆಚ್ಚಾದರೆ ಬಿಸಿಲನ್ನು ಬೈಯುವವರು. ಅದೇ ಮನುಷ್ಯ ಬಿಳಿ ನಿಲುವಂಗಿ ತೊಟ್ಟು ವೇದಿಕೆ ಹತ್ತಿದರೆ ಸಾಕು, ದೈವಜ್ಞಾನ ಶಾಲೆಯಲ್ಲಿ ಕಲಿತ ಇನ್ನೊಬ್ಬರು ಎದ್ದು ನಿಲ್ಲುತ್ತಿದ್ದರು: "ಪ್ರಿಯರೇ, ಈ ದಿನ ನಾವು ಧ್ಯಾನಿಸಲಿರುವ ಭಾಗವನ್ನು ಮೂರು ಅಂಶಗಳಾಗಿ ವಿಂಗಡಿಸಬಹುದಾಗಿದೆ." ಯಾವ ಭಾಗವಾದರೂ ಮೂರೇ ಅಂಶ. ಎರಡೇ ಆದರೆ ಕೇಳಿದವರಿಗೆ ತೃಪ್ತಿಯಿಲ್ಲ, ನಾಲ್ಕಾದರೆ ನಿದ್ದೆ ಬರುತ್ತದೆ ಎಂದು ಅವರ ಗುರುಗಳು ಹೇಳಿಕೊಟ್ಟಿದ್ದರಂತೆ. ಪ್ರತಿಯೊಂದು ಅಂಶಕ್ಕೂ ಒಂದು ಕಥೆ, ಕಥೆಯ ಬೆನ್ನಿಗೆ ಜೀವನಕ್ಕೆ ಅನ್ವಯ, ಎಲ್ಲ ಆದ ಮೇಲೆ "ಕೊನೆಯದಾಗಿ" ಎಂಬ ಮಾತು. ಆ ಮಾತನ್ನು ನಂಬಿ ಚಪ್ಪಲಿ ಹುಡುಕಲು ಎದ್ದವರು ಮತ್ತೆ ಕೂರಬೇಕಾಗುತ್ತಿತ್ತು, ಯಾಕೆಂದರೆ ಅಯ್ಯನವರಿಗೆ ಕನಿಷ್ಠ ಎರಡು ಕೊನೆಗಳಿದ್ದವು.

ಮೂವತ್ತು ಚಿಲ್ಲರೆ ವರ್ಷ ಶೀಲಮ್ಮ ಮುಂದಿನ ಸಾಲಿನಲ್ಲಿ ಕೂತು ಇದನ್ನೆಲ್ಲ ಕೇಳಿದಳು, ಮನೆಗೆ ಬರುವ ದಾರಿಯಲ್ಲಿ ತಪ್ಪದೆ ತೀರ್ಪನ್ನೂ ಕೊಟ್ಟಳು. "ಎರಡನೇ ಅಂಶದಾಗ ಕಥಿ ಭಾಳ ಉದ್ದ ಆತು. ಆ ರಾಜನ ಕಥಿ ಹೋದ ವರ್ಷನೂ ಹೇಳೀರಿ." ಹೊಗಳುವ ಚಟ ಅವಳಿಗೆ ಇರಲಿಲ್ಲ. ಹೊಗಳಲು ಸಭೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ಹೆಂಡತಿಯಾದವಳು ನಿಜ ಹೇಳಬೇಕು ಎಂಬುದು ಅವಳ ಲೆಕ್ಕ.

ಲಕ್ವಾ ಹೊಡೆದ ದಿನ ಆ ಇಬ್ಬರಲ್ಲಿ ಮನೆಯವರೇ ಮಾಯವಾದರು. ಬಲಗೈ ಮಡಚಿಕೊಂಡಿತು, ಚಾ ಕೇಳುವ ಮಾತು ಹೋಯಿತು, ಬೈಯುವ ಮಾತು ಹೋಯಿತು, ಶೀಲಮ್ಮನನ್ನು ಕರೆಯುವ ಮಾತೂ ಹೋಯಿತು. ಉಳಿದವರು ವೇದಿಕೆಯವರು. "ಪ್ರಿಯರೇ" ಬರುತ್ತಿತ್ತು, "ಮೊದಲನೆಯದಾಗಿ" ಬರುತ್ತಿತ್ತು, "ಆಮೆನ್" ಅಂತೂ ಗಂಟೆ ಬಾರಿಸಿದಷ್ಟು ಸ್ವಚ್ಛವಾಗಿ ಬರುತ್ತಿತ್ತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ದಿನ, ಕಲಬುರಗಿಯ ಖೂಬಾ ಪ್ಲಾಟಿನ ಅವರ ಬಾಡಿಗೆ ಮನೆಯ ಬಾಗಿಲಲ್ಲಿ ಹಾಲಿನವನು ನಿಂತು "ಅಯ್ಯನೋರೇ, ಇವತ್ತ ಎಷ್ಟು ಹಾಕ್ಲಿ?" ಎಂದು ಕೇಳಿದ. ಅಯ್ಯನವರು "ಮೊದಲನೆಯದಾಗಿ" ಎಂದು ಸುರು ಮಾಡಿ ಅಲ್ಲಿಯೇ ನಿಂತುಬಿಟ್ಟರು. ಮುಖ ಕೆಂಪಾಯಿತು, ಹಣೆ ಬೆವರಿತು, ಮುಂದಿನದು ಬರಲಿಲ್ಲ. ಹಾಲಿನವನು ಪಾಪ ಎನ್ನುವಂತೆ ಲೊಚಗುಟ್ಟಿದ. ಆ ಲೊಚಗುಟ್ಟಿದ್ದನ್ನು ಅಯ್ಯನವರು ಕೇಳಿಸಿಕೊಂಡರು. ಅಂದಿನಿಂದ ಅವರು ಹೊಸ್ತಿಲು ದಾಟಲಿಲ್ಲ, ಚರ್ಚಿಗೂ ಹೋಗಲಿಲ್ಲ, ಹಿಂದಿನ ಕೋಣೆಯ ಕುರ್ಚಿಯಲ್ಲಿ ಗೋಡೆ ನೋಡುತ್ತ ಕೂತರು.

ಮಾತು ಕಲಿಸಲು ಮೋಮಿನಪುರದಿಂದ ತಬಸ್ಸುಮ್ ಎಂಬ ಹುಡುಗಿ ಸ್ಕೂಟಿಯ ಮೇಲೆ ಬರುತ್ತಿದ್ದಳು. ಅದನ್ನೇ ಓದಿಕೊಂಡವಳು, ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದಳು. "ಹೆದರಬ್ಯಾಡ್ರಿ ಅಮ್ಮಾ," ಎಂದು ಅವಳು ಶೀಲಮ್ಮನಿಗೆ ತಿಳಿಸಿ ಹೇಳಿದಳು. "ದಿನಾ ಹೇಳಿ ಹೇಳಿ ರೂಢಿ ಆಗಿದ್ದ ಮಾತು ಉಳೀತಾವ. ನಮ್ಮ ಕಡೆ ಒಬ್ಬರು ಚಾಚಾ ಇದ್ದಾರ, ನೀರು ಅನ್ಲಿಕ್ಕ ಬರಂಗಿಲ್ಲ, ನಮಾಜಿನ ದುವಾ ಪೂರಾ ಹೇಳ್ತಾರ. ಆದ್ರ ಮನಸಿನಾಗ ಹುಟ್ಟಿದ ಹೊಸಾ ಮಾತು ಬಾಯಿಗಿ ತರೋದು, ಅದು ಮುಷ್ಕಿಲ್. ಅಂಥಾದ್ದು ಒಂದು ಬಂತಂದ್ರ ಮುಂದಿಂದು ಬರ್ತಾವ."

"ಯಾವಾಗ ಬರ್ತದವ್ವಾ?"

"ಹೇಳ್ಲಿಕ್ಕಾಗಂಗಿಲ್ರೀ. ಖರೇ ಹೇಳ್ಬೇಕಂದ್ರ, ಅವರು ಬಾಯಿ ತೆಗೆಯೂದ್ರಾಗ ನೀವೇ ಎಲ್ಲಾ ಹೇಳಿ ಮುಗಸ್ತೀರಿ. ಅವರಿಗಿ ಏನು ಉಳೀತದ?"

ಶೀಲಮ್ಮನಿಗೆ ಸಿಟ್ಟು ಬಂತು. ಹೇಳದೆ ಇದ್ದರೆ ಊಟ ಹಾಕುವುದು ಹೇಗೆ, ಸ್ನಾನ ಮಾಡಿಸುವುದು ಹೇಗೆ? ಈ ಹುಡುಗಿ ವಾರಕ್ಕೆರಡು ಸಲ ಬಂದು ಹೋಗುತ್ತಾಳೆ, ಉಳಿದ ಹೊತ್ತೆಲ್ಲ ಗೋಡೆ ನೋಡುವ ಗಂಡನನ್ನು ನೋಡುತ್ತ ಇರುವವಳು ತಾನು. ಒಮ್ಮೊಮ್ಮೆ ಅಡುಗೆಮನೆಯಲ್ಲಿ ನಿಂತು ಪಾತ್ರೆಗಳನ್ನು ಕುಕ್ಕುತ್ತ ಗಂಡನನ್ನು ಬೈಯುತ್ತಿದ್ದಳು, ದೇವರನ್ನೂ ಬಿಡುತ್ತಿರಲಿಲ್ಲ. ಆಮೇಲೆ ಕಣ್ಣೊರೆಸಿಕೊಂಡು ಗಂಜಿ ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು.

ಹೀಗಿರುವಾಗ ಕಮಲಾಪುರದ ಚರ್ಚಿನ ಸಭಾಪಾಲಕ ಜಯವಂತ ಮನೆಗೆ ಬಂದ. ಅಯ್ಯನವರು ಮೊಟ್ಟಮೊದಲು ಸೇವೆ ಮಾಡಿದ ಊರು ಕಮಲಾಪುರ. ಈಗ ಆ ಸಭೆ ಈ ತರುಣನ ಕೈಯಲ್ಲಿತ್ತು. ಬರುವ ಭಾನುವಾರ ದೇವಾಲಯದ ವಾರ್ಷಿಕೋತ್ಸವ, ಹಳೆಯ ಜನರೆಲ್ಲ ಸೂರ್ಯಕಾಂತ ಅಯ್ಯನವರನ್ನೇ ಕರೆಸಬೇಕು ಅನ್ನುತ್ತಿದ್ದಾರೆ, ಬಂದು ಸುಮ್ಮನೆ ಕೂತು ಆಶೀರ್ವಾದ ಮಾಡಿದರೆ ಸಾಕು ಎಂದ. ತನಗಂತೂ ಆ ಹಳೆಯ ಜನ ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸಲು ಬಿಡುವುದಿಲ್ಲ ಎಂದು ಗೊಣಗಿದ. ಹಿಂದಿನ ಕೋಣೆಯಿಂದ ಕುರ್ಚಿ ಸರಿದ ಸದ್ದು ಬಂತು. ಅಯ್ಯನವರು ಗೋಡೆ ಹಿಡಿದುಕೊಂಡು ಬಾಗಿಲ ತನಕ ಬಂದು ನಿಂತಿದ್ದರು. ಎಡಗೈಯನ್ನು ಎದೆಯ ಮೇಲಿಟ್ಟುಕೊಂಡು "ಪ್ರಸಂಗ" ಎಂದರು.

ಜಯವಂತನ ಮುಖ ಇಳಿಯಿತು. ಅವನು ಶೀಲಮ್ಮನ ಕಡೆ ನೋಡಿದ. ಶೀಲಮ್ಮ ಗಂಡನ ಕಡೆ ನೋಡಿದಳು.

"ಪ್ರಸಂಗ ಬ್ಯಾಡ್ರೀ," ಎಂದಳು. "ಹೋಗಿ ಕೂತು ಬರೋಣ."

"ಪ್ರಸಂಗ," ಎಂದರು ಅಯ್ಯನವರು ಮತ್ತೊಮ್ಮೆ.

ಶೀಲಮ್ಮನಿಗೆ ನಗುವವರ ಭಯ ಅಷ್ಟಾಗಿ ಇರಲಿಲ್ಲ, ಮರುಗುವವರ ಭಯ ಇತ್ತು. ಹಾಲಿನವನೊಬ್ಬ ಲೊಚಗುಟ್ಟಿದ್ದಕ್ಕೆ ಈ ಮನುಷ್ಯ ಹೊಸ್ತಿಲು ಬಿಟ್ಟಿದ್ದರು. ಇನ್ನು ತುಂಬಿದ ಸಭೆಯೇ ಲೊಚಗುಟ್ಟಿದರೆ ಆ ಕುರ್ಚಿಯಿಂದ ಅವರನ್ನು ಎಬ್ಬಿಸಲು ಯಾರಿಂದಲೂ ಆಗದು ಎಂದು ಅವಳಿಗೆ ಖಾತ್ರಿಯಿತ್ತು. ಹಾಗೆಂದು ಬೇಡ ಅಂದರೆ? ಎಷ್ಟೋ ತಿಂಗಳ ಮೇಲೆ ತಾವಾಗಿ ಎದ್ದು ಬಂದವರನ್ನು ತಾನೇ ಕೈಹಿಡಿದು ಮತ್ತೆ ಕುರ್ಚಿಗೆ ಕೂರಿಸಿದ ಹಾಗೆ. ಅವಳು ಜಯವಂತನಿಗೆ ಆಗಲಿ ಎಂದಳು. ಅವನು ಹೋದ ಮೇಲೆ ಗಂಡನನ್ನು ಮನಸಾರೆ ಬೈದಳು.

ಮರುದಿನದಿಂದ ತಾಲೀಮು. ಅಯ್ಯನವರು ನೂರಾರು ಸಲ ಮಾಡಿದ, ಶೀಲಮ್ಮನಿಗೆ ಬಾಯಿಪಾಠವಾಗಿದ್ದ ಪ್ರಸಂಗವನ್ನೇ ಅವಳು ಆರಿಸಿದಳು: ಕಳೆದುಹೋದ ಕುರಿಯ ಸಾಮ್ಯ, ಎಂದರೆ ದೃಷ್ಟಾಂತ. ನೂರು ಕುರಿಗಳಿದ್ದ ಕುರುಬನೊಬ್ಬ ಒಂದು ಕುರಿ ತಪ್ಪಿಸಿಕೊಂಡಿತೆಂದು ತೊಂಬತ್ತೊಂಬತ್ತನ್ನು ಅಡವಿಯಲ್ಲೇ ಬಿಟ್ಟು ಹುಡುಕಿ ಹೊರಟ, ಸಿಕ್ಕಿದ ಮೇಲೆ ಹೆಗಲ ಮೇಲೆ ಹೊತ್ತು ತಂದ. ಅಂಶಗಳು ಮೂರು. ಒಂದು, ಕುರಿ ಕಳೆದುಹೋಯಿತು. ಎರಡು, ಕುರುಬ ಹುಡುಕಿದ. ಮೂರು, ಹೊತ್ತು ತಂದ. ಕಥೆಗಳನ್ನೂ ಅನ್ವಯವನ್ನೂ ಶೀಲಮ್ಮ ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ಹಾಕಿದಳು. ಮೂರು ವಾಕ್ಯ, ಒಂದು ಆಮೆನ್, ಅಷ್ಟೇ. "ಹೇಳ್ರಿ, ಕುರಿ ಕಳೆದುಹೋಯಿತು." ಅಯ್ಯನವರು "ಕುರಿ" ಎನ್ನುತ್ತಿದ್ದರು. ಅವರು ಮುಂದಿನದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಶೀಲಮ್ಮನೇ "ಕಳೆದುಹೋಯಿತು" ಎನ್ನುತ್ತಿದ್ದಳು. ಮೂರನೆಯ ಅಂಶಕ್ಕೆ ಬಂದಾಗಲೆಲ್ಲ ಅವರು ತಲೆ ಅಲ್ಲಾಡಿಸುತ್ತಿದ್ದರು. ದಣಿದಿರಬೇಕು ಎಂದು ಅವಳು ಅಲ್ಲಿಗೆ ನಿಲ್ಲಿಸುತ್ತಿದ್ದಳು.

ಭಾನುವಾರ ಬೆಳಿಗ್ಗೆ ಜಯವಂತ ಕಳಿಸಿದ ಆಟೊದಲ್ಲಿ ಬಸ್ ನಿಲ್ದಾಣಕ್ಕೆ ಹೋಗಿ ಹುಮನಾಬಾದಿನ ಬಸ್ಸು ಹಿಡಿದರು. ದಾರಿಯುದ್ದಕ್ಕೂ ಶೀಲಮ್ಮ ಗಂಡನ ಕಿವಿಯಲ್ಲಿ ಮೂರು ವಾಕ್ಯಗಳನ್ನು ಉಸುರುತ್ತಲೇ ಇದ್ದಳು. ಕಮಲಾಪುರದಲ್ಲಿ ಇಳಿದಾಗ ರಸ್ತೆ ಬದಿಯಲ್ಲಿ ಕೆಂಪು ಬಾಳೆಯ ಗೊನೆ ಇಟ್ಟುಕೊಂಡು ಕೂತವರೊಬ್ಬರು ಎದ್ದು "ವಂದನಿ ಅಯ್ಯನೋರೇ" ಎಂದರು. ಅಯ್ಯನವರು ಎಡಗೈ ಎತ್ತಿದರು.

ದೇವಾಲಯ ಕಿಕ್ಕಿರಿದಿತ್ತು. ಬಾಗಿಲಲ್ಲೇ ಸಿಕ್ಕವಳು ಪುತಳಾಬಾಯಿ, ಈ ಸಭೆಯ ಎಲ್ಲರಿಗಿಂತ ಹಿರಿಯಳು. ಅಕ್ಷರ ಕಲಿತವಳಲ್ಲ, ಆದರೆ ಬಂದ ಪಾಸ್ಟರುಗಳನ್ನೆಲ್ಲ ತೂಗಿ ನೋಡಿದವಳು. ಅವಳು ಅಯ್ಯನವರ ಗಲ್ಲ ಮುಟ್ಟಿ ಬೆರಳಿಗೆ ಮುತ್ತಿಟ್ಟುಕೊಂಡು, "ಸೊರಗೀರಿ. ಈಕಿ ಊಟಕ್ಕ ಹಾಕಂಗಿಲ್ಲೇನ?" ಎಂದು ಶೀಲಮ್ಮನ ಕಡೆ ಕಣ್ಣು ಬಿಟ್ಟಳು. ಕಾಯಿಲೆಯ ಸುದ್ದಿಯನ್ನೇ ಎತ್ತಲಿಲ್ಲ.

ಹಾಡುಗಳಾದವು, ಪ್ರಾರ್ಥನೆಯಾಯಿತು, ವೇದಪಾಠವಾಯಿತು. ಜಯವಂತ ಅಯ್ಯನವರನ್ನು ಮೆಲ್ಲನೆ ವೇದಿಕೆ ಹತ್ತಿಸಿ, ಬೀಳದಂತೆ ಹಿಂದೆಯೇ ನಿಂತುಕೊಂಡ. ಶೀಲಮ್ಮ ಮುಂದಿನ ಸಾಲಿನಲ್ಲಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದು ಕೂತಳು.

"ಪ್ರಿಯರೇ," ಎಂದರು ಅಯ್ಯನವರು. ಹಳೆಯ ದನಿಯೇ. ಸಭೆಯಲ್ಲಿ ಸಂತೋಷದ ಗುಜುಗುಜು ಎದ್ದಿತು.

"ಮೊದಲನೆಯದಾಗಿ. ಕುರಿ..."

ಅಲ್ಲಿಗೆ ನಿಂತಿತು. ಶೀಲಮ್ಮನ ತುಟಿ ಅಲುಗಿತು. ಅವಳು ಬಾಯಿ ತೆರೆಯುವುದರೊಳಗೆ ಎಡಗಡೆಯ ಹೆಂಗಸರ ಸಾಲಿನಿಂದ ಪುತಳಾಬಾಯಿಯ ಒಡಕು ದನಿ "ಕಳದುಹೋತು!" ಎಂದು ಕೂಗಿತು. ಅದರ ಬೆನ್ನಿಗೇ ಹಳಬರೆಲ್ಲ ಒಟ್ಟಾಗಿ "ಕಳದುಹೋತು!" ಎಂದರು.

ಶೀಲಮ್ಮ ಬೆರಗಾದಳು, ಆಮೇಲೆ ನೆನಪಾಯಿತು. ಈ ಊರಿನ ಪದ್ಧತಿಯೇ ಅದು. ಆ ಕಾಲದಲ್ಲಿ ಇಲ್ಲಿ ಓದು ಬಂದವರು ಬೆರಳೆಣಿಕೆಯಷ್ಟು. ಕೇಳಿದ್ದು ತಲೆಯಲ್ಲಿ ಉಳಿಯಲೆಂದು ಅಯ್ಯನವರು ವಾಕ್ಯದ ತುದಿಯನ್ನು ಬಿಟ್ಟು ಜನರತ್ತ ನೋಡುತ್ತಿದ್ದರು, ಜನ ಅದನ್ನು ಮುಗಿಸುತ್ತಿದ್ದರು. ಪಟ್ಟಣದ ಸಭೆಗಳಿಗೆ ಹೋದ ಮೇಲೆ ಅವರೇ ಆ ರೂಢಿ ಬಿಟ್ಟರು. ಅಲ್ಲಿಯವರು ಬಾಯಿ ಮುಚ್ಚಿಕೊಂಡು ಕೇಳುವ ಜನ. ಕಮಲಾಪುರದವರು ಬಿಟ್ಟಿರಲಿಲ್ಲ. ಒಂದು ವಾಕ್ಯವನ್ನೂ ನೆಟ್ಟಗೆ ಮುಗಿಸಲು ಬಿಡುವುದಿಲ್ಲ ಎಂದು ಜಯವಂತ ಮನೆಗೆ ಬಂದಾಗ ಗೊಣಗಿದ್ದು ಇದನ್ನೇ. ಅವರ ಪಾಲಿಗೆ ಅಯ್ಯನವರು ತಡವರಿಸುತ್ತಿರಲಿಲ್ಲ, ಮೊದಲಿನಂತೆ ತಮ್ಮ ಪಾಲಿನ ಮಾತನ್ನು ತಮಗೆ ಬಿಟ್ಟುಕೊಡುತ್ತಿದ್ದರು.

ಅಯ್ಯನವರು ಒಂದು ಕ್ಷಣ ದಿಗ್ಭ್ರಮೆಯಿಂದ ಸಭೆಯನ್ನು ನೋಡಿದರು. ಆಮೇಲೆ ಸೊಟ್ಟ ಬಾಯಲ್ಲೇ ನಗೆ ಬಂತು. "ಯಾಕೆ?" ಎಂದು ಕೇಳಿದರು.

"ಹಸರು ಮೇವು ಕಂಡು ಹೋತ್ರಿ," ಎಂದ ಒಬ್ಬ.

"ಅಲ್ಲ."

"ಕುರುಬ ಎಣಿಸೋದು ಮರ್ತಿರಬೇಕ್ರಿ."

"ಅಲ್ಲ, ಅಲ್ಲ."

"ಕುಂಟ ಇರಬೇಕ್ರಿ ಪಾಪ," ಎಂದಳು ಹಿಂದಿನಿಂದ ಒಬ್ಬ ಹೆಂಗಸು. "ಉಳದಾವ್ರ ಜೋಡಿ ನಡೀಲಿಕ್ಕ ಆಗಿಲ್ಲ, ಹಿಂದ ಬಿದ್ದದ."

ಅಯ್ಯನವರು ಮಡಚಿದ ಬಲಗೈಯನ್ನು ಎಡಗೈಯಿಂದ ಎತ್ತಿ ಎದುರಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. "ಹೌದು," ಎಂದರು. ಯಾರೂ ಲೊಚಗುಟ್ಟಲಿಲ್ಲ. ಅನ್ವಯ ತಿಳಿಯಿತು ಎನ್ನುವಂತೆ ನಾಲ್ಕಾರು ಜನ ತಲೆದೂಗಿದರು.

"ಎರಡನೆಯದಾಗಿ. ಕುರುಬ..."

"ಹುಡುಕಿದ!" ಈ ಸಲ ಎಳೆಯರೂ ಸೇರಿಕೊಂಡರು.

"ಎಲ್ಲಿ?"

"ಹಳ್ಳದಾಗ!" "ಜಾಲಿ ಕಂಟ್ಯಾಗ!" "ಹುಮನಾಬಾದ ರೋಡಿನ ಮ್ಯಾಲ ನೋಡ್ಬೇಕ್ರಿ, ಲಾರಿ ಸುಮ್ಮ ಬಿಡಂಗಿಲ್ಲ!" ಸಭೆ ನಕ್ಕಿತು. ಅಯ್ಯನವರು ಒಂದೊಂದು ಜಾಗಕ್ಕೂ ಹಣೆಗೆ ಕೈ ಅಡ್ಡ ಹಿಡಿದು ಇಣುಕಿ ನೋಡಿದರು, ಇಲ್ಲವೆಂದು ಕೈಯಾಡಿಸಿದರು, ಮುಂದಿನದನ್ನು ಕೇಳಿದರು. ಹಿಂದೆ ನಿಂತಿದ್ದ ಜಯವಂತ ಗಡಿಯಾರ ನೋಡುವುದನ್ನು ಬಿಟ್ಟು ತಾನೂ "ಹೊಲದಾಗ!" ಎಂದು ಕೂಗಿ, ನಾಚಿಕೊಂಡ.

ಶೀಲಮ್ಮನ ಎದೆ ಹಗುರವಾಯಿತು. ಇನ್ನು ಒಂದೇ ಅಂಶ ಬಾಕಿ.

"ಮೂರನೆಯದಾಗಿ," ಎಂದರು ಅಯ್ಯನವರು, ಸುಮ್ಮನಾದರು.

ಶೀಲಮ್ಮನಿಗೆ ತಡೆಯಲಾಗಲಿಲ್ಲ. ಸಭೆಯಲ್ಲಿ ಎಂದೂ ಬಾಯಿ ತೆರೆಯದವಳು ಗಟ್ಟಿಯಾಗಿಯೇ ಹೇಳಿಬಿಟ್ಟಳು: "ಹೊತ್ತು ತಂದ!"

"ಹೊತ್ತು ತಂದ!" ಎಂದಿತು ಸಭೆ.

ಅಯ್ಯನವರು ಹೆಂಡತಿಯನ್ನೇ ನೋಡಿದರು. "ಅಲ್ಲ," ಎಂದರು.

ಇದಕ್ಕಿಂತ ಬೇರೆ ಮೂರನೆಯ ಅಂಶ ಯಾರಿಗೂ ಗೊತ್ತಿರಲಿಲ್ಲ, ಶೀಲಮ್ಮನಿಗೂ ಗೊತ್ತಿರಲಿಲ್ಲ. ಈ ಸಲ ಮುಗಿಸಿಕೊಡಲು ಯಾರ ಬಳಿಯೂ ಮಾತಿಲ್ಲ. ಅಯ್ಯನವರ ಬಾಯಿ ತೆರೆಯಿತು, ಮುಚ್ಚಿತು. ಹಣೆಯಲ್ಲಿ ಬೆವರು ಕಾಣಿಸಿತು, ಬಾಗಿಲಲ್ಲಿ ಹಾಲಿನವನು ನಿಂತಿದ್ದ ದಿನ ಕಂಡ ಹಾಗೆಯೇ. ಹೊರಗೆ ಊಟಕ್ಕೆ ಪಾತ್ರೆ ಜೋಡಿಸುವ ಸದ್ದು ಕೇಳುತ್ತಿತ್ತು. ಎದ್ದು ಹೋಗಿ ಕೈಹಿಡಿದು ಇಳಿಸಿಬಿಡಲೇ ಎಂದು ಶೀಲಮ್ಮ ಅರ್ಧ ಎದ್ದಳು. ಇಳಿಸಿದರೆ ನೆಟ್ಟಗೆ ಆ ಕುರ್ಚಿಗೇ ಹೋಗುತ್ತಾರೆ. ದೇವರೇ, ನಿನ್ನನ್ನು ಇಷ್ಟು ದಿನ ಬೈದದ್ದೆಲ್ಲ ಹಿಂದಕ್ಕೆ ತಗೋತೀನಿ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮತ್ತೆ ಕೂತಳು.

"ಆ ತೊಂಬತ್ತೊಂಬತ್ತು," ಎಂದರು ಅಯ್ಯನವರು.

ಎಲ್ಲರೂ ಮುಂದಕ್ಕೆ ಬಾಗಿದರು.

"ಅಡವ್ಯಾಗ..." ಕಣ್ಣು ಮುಚ್ಚಿಕೊಂಡರು. ಒಂದೊಂದೇ ಕಲ್ಲನ್ನು ಎತ್ತಿಡುವವರಂತೆ ಮಾತನ್ನು ಎತ್ತಿ ಇಟ್ಟರು. "ಹಾದಿ... ಕಾದ್ವು."

ವೇದಿಕೆಯ ಮೇಲೆ ನಿಂತು ಅವರು ಮನೆಯ ಭಾಷೆ ಆಡಿದ್ದು ಅದೇ ಮೊದಲು. ಅಡವಿಯಲ್ಲಿ ಎನ್ನಲಿಲ್ಲ, ಕಾದುಕೊಂಡಿದ್ದವು ಎನ್ನಲಿಲ್ಲ. ಚಾ ಕೇಳುತ್ತಿದ್ದ, ಬಿಸಿಲನ್ನು ಬೈಯುತ್ತಿದ್ದ ಮನುಷ್ಯ ವೇದಿಕೆ ಹತ್ತಿ ನಿಂತಿದ್ದರು. ಕಣ್ಣು ತೆರೆದು ಹೆಂಡತಿಯನ್ನು ನೋಡುತ್ತ ಇನ್ನೊಮ್ಮೆ ಹೇಳಿದರು. "ಹಾದಿ ಕಾದ್ವು."

ಮೂವತ್ತು ವರ್ಷದ ಪ್ರಸಂಗಗಳಲ್ಲಿ ಆ ತೊಂಬತ್ತೊಂಬತ್ತರ ಗತಿ ಏನಾಯಿತೆಂದು ಅವರು ಒಂದು ಸಲವೂ ಕೇಳಿರಲಿಲ್ಲ, ಶೀಲಮ್ಮನೂ ಕೇಳಿರಲಿಲ್ಲ. ಗೋಡೆ ನೋಡುತ್ತ ಕೂತ ಮನುಷ್ಯನಿಗೆ ಅಡುಗೆಮನೆಯ ಪಾತ್ರೆಗಳ ಸದ್ದು ಕೇಳಿಸುತ್ತಿತ್ತು ಎಂಬುದು ಈಗ ಅವಳಿಗೆ ತಿಳಿಯಿತು. ಕತ್ತಲಲ್ಲಿ ದಾರಿ ತಪ್ಪಿದ್ದವರು ತನ್ನನ್ನು ಮರೆತಿದ್ದಾರೆ ಎಂದು ಅವಳು ನಂಬಿದ್ದಳು, ಅವರು ಮರೆತಿರಲಿಲ್ಲ. ತುಂಬಿದ ಸಭೆಯಲ್ಲಿ, ಪಾಸ್ಟರಮ್ಮ ಎಂಬ ಗೌರವವನ್ನೂ ಮರೆತು, ಅವಳು ಗಟ್ಟಿಯಾಗಿ ಅತ್ತಳು. ಅಯ್ಯನವರು "ಆಮೆನ್" ಎಂದರು. "ಕೊನೆಯದಾಗಿ" ಎನ್ನದೆ ಅವರು ಮುಗಿಸಿದ ಪ್ರಸಂಗ ಇದೊಂದೇ.

ಹೊರಗೆ ಶಾಮಿಯಾನದ ಕೆಳಗೆ ಊಟಕ್ಕೆ ಕೂತಾಗ ಜನ ಬಂದು ಬಂದು ಅಯ್ಯನವರ ಎಡಗೈ ಕುಲುಕಿದರು, ಬರುವ ತಿಂಗಳು ಮತ್ತೆ ಬರಬೇಕೆಂದು ಜಯವಂತ ಮಾತು ತೆಗೆದುಕೊಂಡ. ಎಲ್ಲರೂ ಹೋದ ಮೇಲೆ ಪುತಳಾಬಾಯಿ ತಾಟು ಹಿಡಿದುಕೊಂಡು ಬಂದು ಎದುರಿಗೇ ಕೂತಳು. ಅವಳ ಮುಖದಲ್ಲಿ ಸಮಾಧಾನ ಇರಲಿಲ್ಲ.

"ಎರಡು ಅಂಶ ಛಲೋ ಆದ್ವು ಅಯ್ಯನೋರೇ. ಮೂರನೇದು ನನಗ ಪಸಂದ ಬರ್ಲಿಲ್ಲ," ಎಂದಳು. "ನಮ್ಮ ಮನ್ಯಾಗ ಕುರಿ ಇದ್ವು, ನನಗ ಗೊತ್ತದ. ಕುರುಬ ಅತ್ಲಾಗ ಹೋದನಂದ್ರ ಕುರಿ ಹಾದಿ ಕಾಯಂಗಿಲ್ಲ. ದಿಕ್ಕಿಗೊಂದು ಹೋಗ್ತಾವ."

ಅಯ್ಯನವರು ಉತ್ತರಕ್ಕಾಗಿ ಬಾಯಿ ತೆರೆದು ಹುಡುಕತೊಡಗಿದರು. ಇಷ್ಟು ವರ್ಷದಲ್ಲಿ ಗಂಡನ ಒಂದು ಪ್ರಸಂಗದ ಪರವಾಗಿಯೂ ಮಾತಾಡದ ಶೀಲಮ್ಮ, ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿ ಮುದುಕಿಯ ಕಡೆ ತಿರುಗಿದಳು.

"ಕೆಲವು ಕಾಯ್ತಾವ ಅವ್ವಾ," ಎಂದಳು. "ಬೈಕೋತ ಕಾಯ್ತಾವ."

ಅಯ್ಯನವರ ಹುಡುಕಾಟ ನಿಂತಿತು. ಅವರು ಹೆಂಡತಿಯನ್ನು ನೋಡಿದರು, ಪುತಳಾಬಾಯಿಯನ್ನು ನೋಡಿದರು. ಹೇಳಿಕೊಡುವವರು ಯಾರೂ ಇರಲಿಲ್ಲ.

"ಭಾಳ ಬೈತಾವ," ಎಂದರು.